ಸ್ಪೀಕರ್ ವೈರ್: ಗಟ್ಟಿ ತಂತಿಯೋ, ಎಳೆ ತಂತಿಯೋ?

"ಅಣ್ಣ, ಸ್ಪೀಕರ್‌ಗೆ ಸಾಲಿಡ್ ವೈರ್ ಹಾಕಬೇಕಾ, ಮಲ್ಟಿ ಸ್ಟ್ರ್ಯಾಂಡ್ ಹಾಕಬೇಕಾ?" ನನಗೆ ಈ ಪ್ರಶ್ನೆ ಬಂದಷ್ಟು ಸಲ ಇನ್ಯಾವುದೂ ಬಂದಿಲ್ಲ. ಬಳ್ಳಾರಿಯವರು ಕೇಳುತ್ತಾರೆ, ಸಿಂಧನೂರಿನವರು ಕೇಳುತ್ತಾರೆ. ಗಂಗಾವತಿಯಲ್ಲಿ ಹೊಸ ಮನೆ ಕಟ್ಟಿಸುವವರಂತೂ ನಾಳೆ ಬೆಳಗ್ಗೆ ಪ್ಲಾಸ್ಟರ್ ಅನ್ನುವಾಗ ರಾತ್ರಿ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದನಿಗೆ ಮುಖ್ಯ ಮೂರು: ವೈರ್‌ನಲ್ಲಿ ತಾಮ್ರ ಎಷ್ಟಿದೆ, ಅದರ ಉದ್ದ ಎಷ್ಟು, ತುದಿಗಳು ಎಷ್ಟು ಬಿಗಿಯಾಗಿ ಕೂತಿವೆ. ಈ ಮೂರೂ ಸರಿಯಿದ್ದರೆ ಗಟ್ಟಿ ತಂತಿಯಲ್ಲೂ ಎಳೆ ತಂತಿಯಲ್ಲೂ ಹಾಡು ಒಂದೇ ಥರ ಕೇಳುತ್ತದೆ. ಹಾಗಾದರೆ ಯಾವುದು ಆರಿಸೋದು? ವೈರ್ ಹಾಯುವ ಜಾಗ ನೋಡಿ ಆರಿಸಬೇಕು. ಹೇಗೆ ಅಂತ ಕೆಳಗೆ ಹಂತ ಹಂತವಾಗಿ ಹೇಳುತ್ತೇನೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಅಳತೆ ಟೇಪು, ಕಟಿಂಗ್ ಪ್ಲೇಯರ್, ವೈರ್ ಸ್ಟ್ರಿಪ್ಪರ್ (ಮೇಲಿನ ಪ್ಲಾಸ್ಟಿಕ್ ಸುಲಿಯುವ ಇಕ್ಕಳ), ಸ್ಕ್ರೂಡ್ರೈವರ್, ಸಾಧಾರಣ ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಇನ್ಸುಲೇಷನ್ ಟೇಪ್, ಒಂದು ಮಾರ್ಕರ್ ಪೆನ್. ಸ್ಟ್ರಿಪ್ಪರ್ ಇಲ್ಲದಿದ್ದರೆ ದಯವಿಟ್ಟು ಒಂದು ಕೊಳ್ಳಿ. ಯಾಕೆ ಅಂತ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

1. ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಗಟ್ಟಿ ತಂತಿ ಅಂದರೆ ಪ್ಲಾಸ್ಟಿಕ್ ಒಳಗೆ ಒಂದೇ ಒಂದು ದಪ್ಪ ತಾಮ್ರದ ತಂತಿ. ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತದೆ. ಸಾಲಿಡ್, ಸಿಂಗಲ್ ಸ್ಟ್ರ್ಯಾಂಡ್ ಅಂತಲೂ ಕರೆಯುತ್ತಾರೆ. ಎಳೆ ತಂತಿ ಅಂದರೆ ಕೂದಲಿನಂಥ ಹತ್ತಾರು ಸಣ್ಣ ಎಳೆಗಳನ್ನು ಹೊಸೆದು ಮಾಡಿದ್ದು. ಅದೇ ಮಲ್ಟಿ ಸ್ಟ್ರ್ಯಾಂಡ್, ಅದೇ ಫ್ಲೆಕ್ಸಿಬಲ್.

ಈಗ ಎಲ್ಲರೂ ಎಡವುವ ಜಾಗ. ಅಂಗಡಿಗೆ ಹೋಗಿ "ಸಿಂಗಲ್ ಕೋರ್ ಕೊಡಿ" ಅಂದರೆ ನಿಮಗೆ ಗಟ್ಟಿ ತಂತಿ ಸಿಗೋದಿಲ್ಲ. ವೈರ್ ವ್ಯಾಪಾರದಲ್ಲಿ ಸಿಂಗಲ್ ಕೋರ್ ಅಂದರೆ ಒಂದು ಹೊದಿಕೆಯೊಳಗೆ ಒಂದು ದಾರಿ ಅಂತ ಅರ್ಥ. ಆ ದಾರಿಯೊಳಗೆ 36 ಎಳೆ ಇದ್ದರೂ ಅದು ಸಿಂಗಲ್ ಕೋರೇ. ಮನೆ ವೈರಿಂಗ್‌ಗೆ ಈಗ ಬರುವ ಸಿಂಗಲ್ ಕೋರ್ ಕಾಯಿಲ್‌ಗಳಲ್ಲಿ ಹೆಚ್ಚಿನವು ಎಳೆ ತಂತಿಯೇ. ಗಟ್ಟಿ ತಂತಿಯೇ ಬೇಕಿದ್ದರೆ "ಒಳಗೆ ಒಂದೇ ಎಳೆ ಇರೋದು" ಅಂತ ಬಿಡಿಸಿ ಹೇಳಿ, ತುದಿ ಕಣ್ಣಾರೆ ನೋಡಿ ಕೊಳ್ಳಿ.

ಇನ್ನೊಂದು ಗೊಂದಲ "ಎಂಎಂ". ಒಂದೂವರೆ ಎಂಎಂ, ಎರಡೂವರೆ ಎಂಎಂ ಅಂತಾರಲ್ಲ, ಅದು ತಂತಿಯ ದಪ್ಪ ಅಲ್ಲ. ತಂತಿಯನ್ನು ಅಡ್ಡ ಕತ್ತರಿಸಿದಾಗ ಕಾಣುವ ತಾಮ್ರದ ಮುಖದ ವಿಸ್ತೀರ್ಣ, ಚದರ ಮಿಲಿಮೀಟರ್ ಲೆಕ್ಕ. 1.5 ಚದರ ಮಿ.ಮೀ. ಗಟ್ಟಿ ತಂತಿಯ ದಪ್ಪ ಸುಮಾರು 1.4 ಮಿ.ಮೀ. ಅಷ್ಟೇ ಇರುತ್ತದೆ.

ಹಳೇ ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ಬೇರೆ ಲೆಕ್ಕದಲ್ಲೇ ಮಾತಾಡುತ್ತಾರೆ. 1/18 ಅಂದರೆ 18ನೇ ಗೇಜಿನ (ಗೇಜ್ ಅಂದರೆ ತಂತಿಯ ದಪ್ಪಕ್ಕೆ ಕೊಟ್ಟ ನಂಬರು) ಒಂದೇ ತಂತಿ, ಅದು ಅಪ್ಪಟ ಗಟ್ಟಿ ತಂತಿ. 3/20 ಅಂದರೆ 20ನೇ ಗೇಜಿನ ಮೂರು ತಂತಿ, ಸುಮಾರು 2 ಚದರ ಮಿ.ಮೀ. ಮೈಕ್‌ಸೆಟ್‌ನವರು, ರಿಪೇರಿ ಅಂಗಡಿಯವರು 14/76, 23/76, 40/76 ಅಂತಾರೆ. ಅದರಲ್ಲಿ ಮೊದಲ ಸಂಖ್ಯೆ ಎಳೆಗಳ ಲೆಕ್ಕ, 76 ಅಂದರೆ ಒಂದೊಂದು ಎಳೆಯ ದಪ್ಪ 0.0076 ಇಂಚು. ಚದರ ಮಿ.ಮೀ.ಗೆ ತಂದರೆ 14/76 ಸುಮಾರು 0.4, 23/76 ಸುಮಾರು 0.67, 40/76 ಸುಮಾರು 1.17. ಹೊಸ ಕಾಯಿಲ್‌ಗಳ ಮೇಲೆ 22/0.3, 36/0.3 ಅಂತ ಇದ್ದರೆ 0.3 ಮಿ.ಮೀ. ದಪ್ಪದ 22 ಅಥವಾ 36 ಎಳೆ. ಮೊದಲನೆಯದು 1.5, ಎರಡನೆಯದು 2.5. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಯಾವ ಅಂಗಡಿಯಲ್ಲೂ ನಿಮಗೆ ಬೇರೆ ಮಾಲು ದಾಟಿಸೋಕೆ ಆಗೋದಿಲ್ಲ.

2. ಉದ್ದ ಅಳೆಯಿರಿ, ಓಮ್ ನೋಡಿ

ಆಂಪ್ಲಿಫೈಯರ್‌ನಿಂದ (ಸ್ಪೀಕರ್‌ಗೆ ದನಿ ಕಳಿಸುವ ಪೆಟ್ಟಿಗೆ, ಮುಂದೆ ಬರೀ ಆಂಪ್ ಅನ್ನುತ್ತೇನೆ) ಸ್ಪೀಕರ್‌ವರೆಗೆ ಗಾಳಿಯಲ್ಲಿ ನೇರ ಅಳೆಯಬೇಡಿ. ವೈರ್ ಹೋಗುವ ದಾರಿಯಲ್ಲೇ ಟೇಪು ಹಿಡಿಯಿರಿ: ಬಾಗಿಲ ಚೌಕಟ್ಟು ಸುತ್ತಿ, ಮೂಲೆ ತಿರುಗಿ, ಮತ್ತೆ ಕೆಳಗೆ. ಪಡಸಾಲೆಯಲ್ಲಿ ಕಣ್ಣಿಗೆ 4 ಮೀಟರ್ ಅನ್ನಿಸಿದ್ದು ಹೀಗೆ ಅಳೆದರೆ 8 ಆಗುತ್ತದೆ. ಅದರ ಮೇಲೆ ಎರಡೂ ತುದಿಗೆ ಅರ್ಧರ್ಧ ಮೀಟರ್ ಸೇರಿಸಿ. ಒರೆಸುವಾಗ, ಗುಡಿಸುವಾಗ ಸ್ಪೀಕರ್ ಸ್ವಲ್ಪ ಈ ಕಡೆ ಎಳೆಯೋಕೆ ಜಾಗ ಬೇಕಲ್ವಾ.

ಆಮೇಲೆ ಸ್ಪೀಕರ್ ಹಿಂದೆ ಬರೆದಿರುವ ಓಮ್ ನೋಡಿ: 4, 6 ಅಥವಾ 8. ಓಮ್ ಅಂದರೆ ಕರೆಂಟ್‌ಗೆ ಬರುವ ಅಡ್ಡಿಯ ಅಳತೆ. ಸ್ಪೀಕರ್‌ನ ಓಮ್ ಕಡಿಮೆ ಇದ್ದಷ್ಟೂ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಅದಕ್ಕೆ ಜಾಸ್ತಿ ತಾಮ್ರ ಬೇಕು.

3. ಎಷ್ಟು ತಾಮ್ರ ಬೇಕು ಅಂತ ಗೊತ್ತುಮಾಡಿ

ಇದು ಎಲ್ಲಕ್ಕಿಂತ ಮುಖ್ಯ ಹಂತ, ನಿಧಾನವಾಗಿ ಓದಿ.

ವೈರ್‌ಗೂ ಅದರದೇ ಅಡ್ಡಿ ಇರುತ್ತದೆ. ಬಹಳ ಜನ ಒಪ್ಪುವ ನಿಯಮ ಏನಂದರೆ ವೈರ್‌ನ ಒಟ್ಟು ಅಡ್ಡಿ ಸ್ಪೀಕರ್‌ನ ಓಮ್‌ನ ನೂರಕ್ಕೆ ಐದು ದಾಟಬಾರದು. 8 ಓಮ್ ಸ್ಪೀಕರ್‌ಗೆ 0.4 ಓಮ್, 4 ಓಮ್‌ಗೆ 0.2. ಒಟ್ಟು ಅಂದರೆ ಹೋಗುವ ದಾರಿ, ಬರುವ ದಾರಿ ಎರಡೂ ಸೇರಿ. 10 ಮೀಟರ್ ದೂರ ಅಂದರೆ ಕರೆಂಟ್ 20 ಮೀಟರ್ ತಾಮ್ರದಲ್ಲಿ ಓಡುತ್ತದೆ. ಇದನ್ನು ಮರೆತು ಅರ್ಧ ಲೆಕ್ಕ ಹಾಕುವವರೇ ಜಾಸ್ತಿ.

ಒಂದು ಚದರ ಮಿ.ಮೀ. ತಾಮ್ರದ ಅಡ್ಡಿ ಮೀಟರಿಗೆ 0.018 ಓಮ್ ಆಸುಪಾಸು. ಇದು 20 ಡಿಗ್ರಿಯ ಲೆಕ್ಕ. ನಮ್ಮ ಕಡೆ 20 ಡಿಗ್ರಿ ಎಲ್ಲಿ ಬರಬೇಕು! ತಾಮ್ರ ಒಂದೊಂದು ಡಿಗ್ರಿ ಕಾದಾಗಲೂ ಅದರ ಅಡ್ಡಿ ನೂರಕ್ಕೆ 0.4ರಷ್ಟು ಏರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ, ಛಾವಣಿಗೆ ಅಂಟಿದ ಪೈಪಿನೊಳಗೆ 45 ಡಿಗ್ರಿ ಅಂತ ಇಟ್ಟುಕೊಂಡರೂ ನೂರಕ್ಕೆ 10 ಜಾಸ್ತಿ ಆಯ್ತು. ಹಾಗಾಗಿ ಆ ಹತ್ತನ್ನು ಮೊದಲೇ ಕಳೆದು, 8 ಓಮ್ ಸ್ಪೀಕರ್‌ಗೆ ಎಷ್ಟು ದೂರದವರೆಗೆ ಯಾವ ವೈರ್ ಸಾಕು ಅಂತ ಕೊಡುತ್ತೇನೆ:

23/76 (0.67) — 7 ಮೀಟರ್‌ವರೆಗೆ
40/76 (1.17) — 12 ಮೀಟರ್‌ವರೆಗೆ
1.5 ಚದರ ಮಿ.ಮೀ. — 13 ಮೀಟರ್‌ವರೆಗೆ
2.5 ಚದರ ಮಿ.ಮೀ. — 22 ಮೀಟರ್‌ವರೆಗೆ

ಸ್ಪೀಕರ್ 4 ಓಮ್ ಆಗಿದ್ದರೆ ಈ ದೂರಗಳನ್ನು ಅರ್ಧ ಮಾಡಿ. 14/76 ಅನ್ನು ನಾನು ಪಟ್ಟಿಗೇ ಸೇರಿಸಿಲ್ಲ. ಡಬ್ಬಿಯಲ್ಲಿ ಸ್ಪೀಕರ್ ಜೊತೆ ಬರುವ ಕೂದಲಿನಂಥ ವೈರ್ ಬಹಳ ಸಲ ಅದಕ್ಕಿಂತಲೂ ಸಣ್ಣದು. ಎರಡು ಮೀಟರ್ ದೂರಕ್ಕೆ ಅದು ನಡೆಯುತ್ತದೆ, ಉದ್ದ ಮಾಡಬೇಕಿದ್ದರೆ ತೆಗೆದುಬಿಡಿ.

ಇಲ್ಲಿ ಒಂದು ಮಾತು ಬರುತ್ತದೆ: "ಜಾತ್ರೆಯಲ್ಲಿ ಮೈಕ್‌ಸೆಟ್‌ನವರು 23/76ರಲ್ಲೇ ಇಡೀ ಬೀದಿಗೆ ಹಾರ್ನ್ ಕಟ್ಟುತ್ತಾರಲ್ಲ?" ಕಟ್ಟುತ್ತಾರೆ, ಅದು ಸರಿಯೂ ಇದೆ. ಅವರದು 100 ವೋಲ್ಟ್ ಲೈನ್. ಆಂಪ್‌ನಲ್ಲಿ ವೋಲ್ಟೇಜ್ ಏರಿಸಿ, ಒಂದೊಂದು ಹಾರ್ನ್ ಹತ್ತಿರ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸುತ್ತಾರೆ. 100 ವ್ಯಾಟ್ ಕಳಿಸೋಕೆ ಆ ಲೈನ್‌ನಲ್ಲಿ ಒಂದು ಆಂಪಿಯರ್ (ಕರೆಂಟ್‌ನ ಅಳತೆ) ಸಾಕು. ಅದೇ 100 ವ್ಯಾಟ್ ಮನೆಯ 8 ಓಮ್ ಸ್ಪೀಕರ್‌ಗೆ ಹೋಗುವಾಗ ಮೂರೂವರೆ ಆಂಪಿಯರ್ ಆಗುತ್ತದೆ. ಎರಡೂ ಬೇರೆ ಬೇರೆ ವ್ಯವಸ್ಥೆ, ಅಲ್ಲಿಯ ಲೆಕ್ಕ ಇಲ್ಲಿಗೆ ತರಬೇಡಿ.

4. ಈಗ ಗಟ್ಟಿಯೋ ಎಳೆಯೋ ತೀರ್ಮಾನಿಸಿ

ಒಂದೇ ಅಳತೆಯ ವೈರ್‌ಗಳಲ್ಲಿ ಗಟ್ಟಿ ತಂತಿಯ ಅಡ್ಡಿ ಸ್ವಲ್ಪ ಕಡಿಮೆ. 1.5 ಚದರ ಮಿ.ಮೀ. ಗಟ್ಟಿ ತಂತಿಗೆ ಕಿಲೋಮೀಟರಿಗೆ 12.1 ಓಮ್ ಮಿತಿ, ಅದೇ ಅಳತೆಯ ಎಳೆ ತಂತಿಗೆ 13.3. ವ್ಯತ್ಯಾಸ ಇಷ್ಟೇ. 5 ಮೀಟರ್ ದೂರಕ್ಕೆ ಅದು 0.012 ಓಮ್. ಇದನ್ನು ಕಿವಿ ಹಿಡಿಯೋದಿಲ್ಲ.

"ಸ್ಕಿನ್ ಎಫೆಕ್ಟ್ ಇದೆಯಲ್ಲ, ಎಳೆ ತಂತಿಯಲ್ಲಿ ಅದು ಬರೋದಿಲ್ಲವಂತೆ" ಅಂತ ಕೆಲವರು ಹೇಳುತ್ತಾರೆ. ಸ್ಕಿನ್ ಎಫೆಕ್ಟ್ ಅಂದರೆ ಕರೆಂಟ್ ವೇಗವಾಗಿ ಹಿಂದೆ ಮುಂದೆ ಆಡುವಾಗ ತಂತಿಯ ನಡುವನ್ನು ಬಿಟ್ಟು ಹೊರಮೈ ಕಡೆ ಸರಿಯುವುದು. ಸಂಗತಿ ನಿಜ. ನಮ್ಮ ಕಿವಿಗೆ ಕೇಳುವ ಅತಿ ಮೇಲಿನ ಸ್ವರ 20,000 ಹರ್ಟ್ಜ್ ಅಂತ ಹಿಡಿದರೆ, ಅಲ್ಲಿ ಕರೆಂಟ್ ಹೆಚ್ಚಾಗಿ ತಾಮ್ರದ ಹೊರಗಿನ 0.46 ಮಿ.ಮೀ. ಪದರದಲ್ಲಿ ಓಡುತ್ತದೆ. 2.5 ಚದರ ಮಿ.ಮೀ. ಗಟ್ಟಿ ತಂತಿ ಅಷ್ಟು ದಪ್ಪ ಇರುವುದರಿಂದ ಆ ಸ್ವರಕ್ಕೆ ಅದರ ಅಡ್ಡಿ ಸುಮಾರು ಕಾಲುಭಾಗ ಏರುತ್ತದೆ. ಕೇಳೋಕೆ ದೊಡ್ಡದು ಅನ್ನಿಸುತ್ತೆ. ಆದರೆ ಯಾವುದರ ಕಾಲುಭಾಗ? 5 ಮೀಟರ್ ದೂರದ ವೈರ್‌ನ ಒಟ್ಟು ಅಡ್ಡಿಯೇ 0.075 ಓಮ್. ಅದು 0.095 ಆಗುತ್ತದೆ. 8 ಓಮ್ ಸ್ಪೀಕರ್‌ನಲ್ಲಿ ದನಿ ಇಳಿಯುವುದು 0.02 ಡೆಸಿಬೆಲ್ ಆಸುಪಾಸು. ಡೆಸಿಬೆಲ್ ಅಂದರೆ ದನಿಯ ಏರಿಳಿತದ ಅಳತೆ. ಗಮನವಿಟ್ಟು ಕೇಳುವವರಿಗೂ ಅರ್ಧ ಡೆಸಿಬೆಲ್‌ಗಿಂತ ತುಂಬ ಕಡಿಮೆ ವ್ಯತ್ಯಾಸ ಗೊತ್ತಾಗೋದು ಕಷ್ಟ.

ಅಷ್ಟೇ ಅಲ್ಲ, ಸಾಮಾನ್ಯ ಎಳೆ ತಂತಿಯಿಂದ ಇದು ತಪ್ಪೋದೂ ಇಲ್ಲ. ಎಳೆಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ಕರೆಂಟ್‌ಗೆ ಅವೆಲ್ಲ ಸೇರಿ ಒಂದೇ ದಪ್ಪ ತಂತಿ ಇದ್ದ ಹಾಗೆ. ಒಂದೊಂದು ಎಳೆಗೂ ಬೇರೆ ಬೇರೆ ವಾರ್ನಿಷ್ ಲೇಪ ಇರುವ ಲಿಟ್ಜ್ ಎಂಬ ವೈರ್ ಇದೆ, ಅದರಲ್ಲಿ ಮಾತ್ರ ಈ ಪರಿಣಾಮ ಕಡಿಮೆ. ಮನೆ ಸ್ಪೀಕರ್‌ಗೆ ಅದರ ಅಗತ್ಯ ಇಲ್ಲ.

ಹಾಗಾಗಿ ಜಾಗ ನೋಡಿ. ಗೋಡೆಯೊಳಗೆ ಪೈಪಿನಲ್ಲಿ, ಕೇಸಿಂಗ್ ಪಟ್ಟಿಯಲ್ಲಿ, ಮಾಳಿಗೆ ಮನೆಯ ಕಂಬ ತೊಲೆಗಳ ಬದಿಯಲ್ಲಿ ಒಮ್ಮೆ ಕೂರಿಸಿದ ಮೇಲೆ ಮುಟ್ಟದೇ ಇರುವ ವೈರ್ ಆದರೆ ಗಟ್ಟಿ ತಂತಿ ಚೆನ್ನ. ಮೂಲೆಗೆ ತಕ್ಕಂತೆ ಬಗ್ಗಿಸಿದರೆ ಹಾಗೇ ಕೂರುತ್ತದೆ, ಜೋತು ಬೀಳೋದಿಲ್ಲ. ಸ್ಪ್ರಿಂಗ್ ಕ್ಲಿಪ್ ಇರುವ ಸ್ಪೀಕರ್‌ಗಳಿಗೂ (ಒತ್ತಿದರೆ ತೂತು ತೆರೆದು, ಬಿಟ್ಟರೆ ಕಚ್ಚಿಕೊಳ್ಳುತ್ತದಲ್ಲ, ಅದು) ಗಟ್ಟಿ ತಂತಿ ಸೂಜಿಯ ಹಾಗೆ ಸಲೀಸಾಗಿ ಒಳಗೆ ಹೋಗುತ್ತದೆ.

ಸ್ಪೀಕರ್ ಸ್ಟ್ಯಾಂಡ್ ಮೇಲಿದೆ, ವಾರಕ್ಕೊಮ್ಮೆ ಸರಿಸುತ್ತೀರಿ, ಹಬ್ಬಕ್ಕೆ ಅಂಗಳಕ್ಕೂ ತರುತ್ತೀರಿ ಅಂದರೆ ಎಳೆ ತಂತಿಯೇ ಬೇಕು. ಗಟ್ಟಿ ತಂತಿಯನ್ನು ಒಂದೇ ಕಡೆ ಹತ್ತಾರು ಸಲ ಬಗ್ಗಿಸಿದರೆ ತಾಮ್ರ ಅಲ್ಲಿ ಬಿರುಸಾಗಿ ಮುರಿಯುತ್ತದೆ. ಮುರಿದದ್ದು ಪ್ಲಾಸ್ಟಿಕ್ ಒಳಗೆ ಕಾಣೋದಿಲ್ಲ, ಒಮ್ಮೆ ದನಿ ಬರುತ್ತದೆ, ಒಮ್ಮೆ ಹೋಗುತ್ತದೆ, ನೀವು ಆಂಪ್ ಕೆಟ್ಟಿದೆ ಅಂತ ಬಿಚ್ಚುತ್ತೀರಿ.

ಎರಡನ್ನೂ ಸೇರಿಸಬಹುದಾ? ಸೇರಿಸಬಹುದು. ಗೋಡೆಯೊಳಗೆ ಗಟ್ಟಿ ತಂತಿ ಎಳೆದು ಬೋರ್ಡಿನ ಮೇಲೆ ಸ್ಪೀಕರ್ ಟರ್ಮಿನಲ್ ಪ್ಲೇಟ್ (ಟರ್ಮಿನಲ್ ಅಂದರೆ ವೈರ್ ತುದಿ ಸಿಕ್ಕಿಸುವ ಜಾಗ) ಕೂರಿಸಿ, ಅಲ್ಲಿಂದ ಸ್ಪೀಕರ್‌ಗೆ ಒಂದು ಮೀಟರ್ ಎಳೆ ತಂತಿ ಹಾಕಿ. ಹೊಸ ಮನೆಗೆ ನಾನು ಹೇಳೋದು ಇದನ್ನೇ.

ನೆಟ್‌ವರ್ಕ್‌ಗೆ ಬಳಸುವ ಕ್ಯಾಟ್ 6 ವೈರ್ ಮನೆಯಲ್ಲಿ ಉಳಿದಿದ್ದರೆ ಅದೂ ಒಳ್ಳೆ ಗಟ್ಟಿ ತಂತಿಯೇ. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಬಿಳಿ ಪಟ್ಟೆ ಇರುವ ನಾಲ್ಕನ್ನೂ ಸೇರಿಸಿ ಪ್ಲಸ್, ಪೂರ್ತಿ ಬಣ್ಣದ ನಾಲ್ಕನ್ನೂ ಸೇರಿಸಿ ಮೈನಸ್. 23 ಗೇಜಿನದಾದರೆ ಒಂದೊಂದು ಬದಿಗೆ ಸುಮಾರು 1 ಚದರ ಮಿ.ಮೀ. ತಾಮ್ರ ಸಿಗುತ್ತದೆ, 24 ಗೇಜಾದರೆ 0.8. ಎರಡು ತುದಿಗೂ ಪ್ಲಗ್ ಹಾಕಿ ರೆಡಿ ಬರುವ ಚಿಕ್ಕ ಪ್ಯಾಚ್ ಕಾರ್ಡ್ ಬೇಡ, ಅದರೊಳಗೆ ಸಣ್ಣ ಎಳೆ ತಂತಿ ಇರೋದೇ ಹೆಚ್ಚು.

5. ಅಂಗಡಿಯಲ್ಲಿ ತಾಮ್ರ ಪರೀಕ್ಷಿಸಿ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ, ಕೊಪ್ಪಳದ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಮೊದಲು ಇದನ್ನು ನೋಡಿ. ಸಿಸಿಎ ಅಂತ ಒಂದು ಮಾಲು ಬರುತ್ತದೆ. ಅಲ್ಯೂಮಿನಿಯಂ ಎಳೆಗೆ ಮೇಲೆ ತಾಮ್ರದ ತೆಳು ಪದರ. ನೋಡೋಕೆ ಕೆಂಪಗೆ ಹೊಳೆಯುತ್ತದೆ, ಅಡ್ಡಿ ಮಾತ್ರ ಅಪ್ಪಟ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಸ್ಪೀಕರ್ ವೈರ್ ಅಂತ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಬರುವ ಅಗ್ಗದ ಮಾಲಿನಲ್ಲೂ, ಅಗ್ಗದ ಕ್ಯಾಟ್ 6ರಲ್ಲೂ ಇದು ಸಾಮಾನ್ಯ.

ಪರೀಕ್ಷೆ ಸುಲಭ. ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಒಂದು ಎಚ್ಚರ: ತವರ ಲೇಪಿಸಿದ ತಾಮ್ರವೂ ಇರುತ್ತದೆ, ಅದು ಹೊರಗೆ ಬೆಳ್ಳಗೆ, ಒಳಗೆ ಕೆಂಪಗೆ. ಅದು ಒಳ್ಳೆ ಮಾಲು. ತೂಕವೂ ಗುಟ್ಟು ಬಿಡುತ್ತದೆ. ಒಂದು ಚದರ ಮಿ.ಮೀ. ತಾಮ್ರ ನೂರು ಮೀಟರಿಗೆ 890 ಗ್ರಾಂ ತೂಗುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ತೂಕ ಬೇರೆ. ಕಾಯಿಲ್ ಕೈಯಲ್ಲಿ ಹಗುರ ಅನ್ನಿಸಿದರೆ ಕೆರೆದು ನೋಡದೆ ದುಡ್ಡು ಕೊಡಬೇಡಿ.

ಇಡೀ ಕಾಯಿಲ್ ಕೊಳ್ಳುವುದಾದರೆ ಮಲ್ಟಿಮೀಟರ್ ಜೊತೆಗೆ ಒಯ್ಯಿರಿ. ಮೊದಲು ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ, ಬರುವ ಸಂಖ್ಯೆ (0.2, 0.3 ಹೀಗೆ) ಬರೆದುಕೊಳ್ಳಿ. ಆಮೇಲೆ ಕಾಯಿಲ್‌ನ ಒಳ ತುದಿ, ಹೊರ ತುದಿ ಹಿಡಿದು ಅಳೆದು ಅದನ್ನು ಕಳೆಯಿರಿ. 90 ಮೀಟರ್ ಕಾಯಿಲ್‌ಗೆ 1.0 ಚದರ ಮಿ.ಮೀ. ಆದರೆ 1.7 ಓಮ್ ಆಸುಪಾಸು, 1.5 ಆದರೆ 1.2, 2.5 ಆದರೆ 0.7 ಬರಬೇಕು. ಅಂಗಡಿ ಸೆಖೆಯಲ್ಲಿ ಸ್ವಲ್ಪ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಅರ್ಧದಷ್ಟು ಜಾಸ್ತಿ ತೋರಿಸಿದರೆ ವಾಪಸ್ ಇಡಿ.

ಆಕ್ಸಿಜನ್ ಫ್ರೀ ತಾಮ್ರ ಅಂತ ಜಾಸ್ತಿ ಬೆಲೆ ಹೇಳಿದರೆ ನನ್ನ ಸಲಹೆ ಇದು. ಸಾಮಾನ್ಯ ವಿದ್ಯುತ್ ತಾಮ್ರಕ್ಕೂ ಅದಕ್ಕೂ ಅಡ್ಡಿಯಲ್ಲಿ ನೂರಕ್ಕೆ ಒಂದರಷ್ಟು ಅಂತರ. ಅದೇ ದುಡ್ಡಿಗೆ 1.5 ಬಿಟ್ಟು 2.5 ತಗೊಳ್ಳಿ, ಅಡ್ಡಿ ನೂರಕ್ಕೆ 40 ಇಳಿಯುತ್ತದೆ.

6. ತುದಿ ಸುಲಿಯುವುದು, ಕೂರಿಸುವುದು

ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಆಮೇಲೆ ಕೈ ಹಾಕಿ. ಸ್ಪೀಕರ್ ವೈರ್‌ಗಳಲ್ಲಿ ಆಗುವ ತೊಂದರೆ ಹತ್ತಕ್ಕೆ ಒಂಬತ್ತು ಈ ತುದಿಯ ಒಂದು ಸೆಂಟಿಮೀಟರಿನಲ್ಲೇ ನಾನು ಕಂಡಿದ್ದೇನೆ.

ಗಟ್ಟಿ ತಂತಿ ಸುಲಿಯುವಾಗ ಬ್ಲೇಡು, ಹಲ್ಲು, ಕಟಿಂಗ್ ಪ್ಲೇಯರ್ ಬೇಡ. ಬ್ಲೇಡು ಪ್ಲಾಸ್ಟಿಕ್ ಸುತ್ತ ತಿರುಗುವಾಗ ತಾಮ್ರದ ಮೇಲೆ ಉಂಗುರದ ಹಾಗೆ ಒಂದು ಗೀರು ಬಿಡುತ್ತದೆ. ಸುಮ್ಮನೆ ನೋಡಿದರೆ ಕಾಣದಷ್ಟು ಸಣ್ಣದು, ಬೆಳಕಿಗೆ ತಿರುಗಿಸಿದರೆ ಮಿಂಚುತ್ತದೆ. ಸ್ಕ್ರೂ ಬಿಗಿದು ವೈರ್ ಎರಡು ಸಲ ಅಲುಗಿಸಿದರೆ ಸರಿಯಾಗಿ ಆ ಗೀರಿನ ಹತ್ತಿರವೇ ಚಟ್ ಅಂತ ಮುರಿಯುತ್ತದೆ. ಸ್ಟ್ರಿಪ್ಪರ್‌ನಲ್ಲಿ ತಂತಿಯ ಅಳತೆಗೆ ಸರಿಯಾದ ತೂತು ಆರಿಸಿ ಒಂದೇ ಸಲ ಎಳೆಯಿರಿ. ಗೀರು ಬಿದ್ದಿದೆ ಅನ್ನಿಸಿದರೆ ಆ ತುಂಡು ಕತ್ತರಿಸಿ ಹೊಸದಾಗಿ ಸುಲಿಯಿರಿ, ಒಂದು ಸೆಂಟಿಮೀಟರ್ ವೈರ್‌ಗೆ ಆಸೆ ಪಡಬೇಡಿ.

ಎಳೆ ತಂತಿಯ ಕಾಟ ಬೇರೆ. ಸುಲಿಯುವಾಗ ನಾಲ್ಕೈದು ಎಳೆ ಕಿತ್ತುಹೋದರೆ ಅಷ್ಟು ತಾಮ್ರ ಹೋಯ್ತು ಅಂತ ಅರ್ಥ. ಅದಕ್ಕಿಂತ ಅಪಾಯ, ಗುಂಪಿನಿಂದ ತಪ್ಪಿಸಿಕೊಂಡು ಹೊರಗೆ ಚಾಚಿಕೊಳ್ಳುವ ಒಂದೇ ಒಂದು ಎಳೆ. ಅದು ಪಕ್ಕದ ಟರ್ಮಿನಲ್‌ಗೆ ತಾಗಿದರೆ ಪ್ಲಸ್ ಮೈನಸ್ ಶಾರ್ಟ್. ನನ್ನದೇ ಒಂದು ಆಂಪ್ ಹಾಗೆ ಹೋಗಿದೆ. ಯುಗಾದಿ ದಿನ ಅವಸರದಲ್ಲಿ ಕೂರಿಸಿದ್ದೆ, ದನಿ ಏರಿಸಿದ ತಕ್ಷಣ ಬಲಗಡೆ ಸತ್ತಿತು. ಬಿಚ್ಚಿ ನೋಡಿದರೆ ಕೆಂಪು ಟರ್ಮಿನಲ್‌ನಿಂದ ಕಪ್ಪು ಟರ್ಮಿನಲ್‌ಗೆ ಅಡ್ಡ ಮಲಗಿದ್ದ ಒಂದೆಳೆ, ತುದಿ ಸುಟ್ಟು ಕರಿ ಮಣಿಯಾಗಿತ್ತು. ಹಾಗಾಗಿ 10ರಿಂದ 12 ಮಿ.ಮೀ. ಮಾತ್ರ ಸುಲಿಯಿರಿ. ಎಳೆಗಳನ್ನು ಅವು ಮೊದಲೇ ಹೊಸೆದಿರುವ ದಿಕ್ಕಿಗೇ ಬೆರಳಲ್ಲಿ ಬಿಗಿಯಾಗಿ ಹೊಸೆಯಿರಿ. ಕೂರಿಸಿದ ಮೇಲೆ ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ನೋಡಿ.

ಹೊಸೆದ ತುದಿಗೆ ಸೋಲ್ಡರ್ (ಬೆಸುಗೆ ಸೀಸ) ಹಾಕಿ ಗಟ್ಟಿ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಸ್ಕ್ರೂ ಕೆಳಗೆ ಕೂರುವ ತುದಿಗೆ ಇದನ್ನು ಮಾಡಬೇಡಿ. ಬೆಸುಗೆ ಮೆತ್ತಗಿನ ಲೋಹ. ಸ್ಕ್ರೂ ಒತ್ತಡಕ್ಕೆ ದಿನ ಕಳೆದ ಹಾಗೆ ನಿಧಾನವಾಗಿ ಹರಡಿಕೊಳ್ಳುತ್ತದೆ, ಬಿಗಿ ಸಡಿಲ ಆಗುತ್ತದೆ. ಅದರ ಬದಲು ಪಿನ್ ಲಗ್ ಹಾಕಿ ಒತ್ತಿಸಿ. ಪಿನ್ ಲಗ್ ಅಂದರೆ ತುದಿಗೆ ತೊಡಿಸುವ ಸಣ್ಣ ಲೋಹದ ಕೊಳವೆ, ಅದನ್ನು ಒತ್ತುವ ಇಕ್ಕಳ ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತದೆ. ಬನಾನಾ ಪ್ಲಗ್ (4 ಮಿ.ಮೀ. ದಪ್ಪದ, ಸೀದಾ ತೂರಿಸುವ ಪ್ಲಗ್) ಕೂಡ ಒಳ್ಳೆಯದು. ಆಗಾಗ ಬಿಚ್ಚಿ ಹಾಕುವವರಿಗೆ ಅದರಂಥ ಅನುಕೂಲ ಇನ್ನೊಂದಿಲ್ಲ.

ಗಟ್ಟಿ ತಂತಿಯನ್ನು ಸ್ಕ್ರೂ ಸುತ್ತ ಹಾಕುವಾಗ ಕೊಕ್ಕೆಯ ಬಾಯಿ ಸ್ಕ್ರೂ ತಿರುಗುವ ದಿಕ್ಕಿಗೇ ಇರಲಿ. ಆಗ ಬಿಗಿದಷ್ಟೂ ಅದು ಒಳಗೆ ಸುತ್ತಿಕೊಳ್ಳುತ್ತದೆ. ತಿರುಗಾ ಹಾಕಿದರೆ ಹೊರಗೆ ತಳ್ಳಿಕೊಂಡು ಬರುತ್ತದೆ.

7. ವೈರ್ ಎಳೆಯುವಾಗ

230 ವೋಲ್ಟ್ ವೈರ್ ಇರುವ ಪೈಪಿನೊಳಗೆ ಸ್ಪೀಕರ್ ವೈರ್ ಹಾಕಲೇಬೇಡಿ. ಬೇರೆ ಪೈಪ್, ಬೇರೆ ಬಾಕ್ಸ್. ಇದು ಗುಂಯ್ ಅನ್ನುವ ಸದ್ದಿನ ವಿಷಯ ಮಾತ್ರ ಅಲ್ಲ, ಜೀವದ ವಿಷಯ. ಮನೆ ವೈರಿಂಗ್‌ನ ಕೆಂಪು ಕಪ್ಪು ಕಾಯಿಲ್‌ನಲ್ಲೇ ಸ್ಪೀಕರ್ ಲೈನ್ ಎಳೆದಿದ್ದರೆ ಎರಡೂ ತುದಿಗೆ ಟೇಪ್ ಸುತ್ತಿ "ಸ್ಪೀಕರ್" ಅಂತ ಮಾರ್ಕರ್‌ನಲ್ಲಿ ಬರೆಯಿರಿ. ನಾಲ್ಕು ವರ್ಷ ಆದ ಮೇಲೆ ಬರುವ ಎಲೆಕ್ಟ್ರಿಷಿಯನ್ ಅದನ್ನು ಫ್ಯಾನ್ ಲೈನ್ ಅಂದುಕೊಂಡು ಕರೆಂಟ್‌ಗೆ ಸೇರಿಸಬಾರದು. ಹಾಗೇ ಸ್ಪೀಕರ್ ವೈರ್‌ಗೆ ಗೋಡೆಯ ಸಾಕೆಟ್‌ಗೆ ಹೋಗುವಂಥ ಪಿನ್ ಎಂದೂ ಹಾಕಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ವೈರ್ ಉಳಿಸೋಕೆ ಎರಡು ಸ್ಪೀಕರ್‌ಗೂ ಒಂದೇ ಮೈನಸ್ ಎಳೆದು ಮೂರು ತಂತಿಯಲ್ಲಿ ಮುಗಿಸುವವರು ಇದ್ದಾರೆ. ಬಹಳ ಆಂಪ್‌ಗಳಲ್ಲಿ ಎಡ ಬಲದ ಮೈನಸ್ ಬೇರೆ ಬೇರೆ ಇರುತ್ತದೆ. ಈಗಿನ ಪುಟ್ಟ ಡಿಜಿಟಲ್ ಆಂಪ್‌ಗಳಲ್ಲಿ ಹೆಚ್ಚಿನವು ಹಾಗೇ. ಅವೆರಡನ್ನೂ ಸೇರಿಸಿದರೆ ಆಂಪ್ ಸುಡಬಹುದು. ಒಂದು ಸ್ಪೀಕರ್‌ಗೆ ಎರಡು ತಂತಿ, ಇದರಲ್ಲಿ ಉಳಿತಾಯ ಬೇಡ.

ಇನ್ನು ಇಲಿ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಇಲಿಗಳು ಮನೆ ಕಡೆ ಬರುತ್ತವೆ, ಸೋಫಾ ಹಿಂದೆ ನೆಲದ ಮೇಲೆ ಬಿದ್ದಿರುವ ವೈರ್ ಮೊದಲು ಹೋಗುತ್ತದೆ. ನೆಲ ಬಿಟ್ಟು ಒಂದಡಿ ಮೇಲೆ ಕೇಸಿಂಗ್ ಪಟ್ಟಿ ಹೊಡೆಯಿರಿ. ಪಾರದರ್ಶಕ ಹೊದಿಕೆಯ ವೈರ್ ಬಿಸಿಲಿನ ಮನೆಯಲ್ಲಿ ಕೆಲವು ವರ್ಷಕ್ಕೆ ಅಂಟಂಟಾಗಿ ಒಳಗಿನ ತಾಮ್ರ ಹಸಿರಾಗೋದನ್ನು ನೋಡಿರುತ್ತೀರಿ. ಸಣ್ಣ ಎಳೆಗಳಿಗೆ ಮೈ ಜಾಸ್ತಿ, ಹಸಿರು ಅಲ್ಲಿ ಬೇಗ ಹಬ್ಬುತ್ತದೆ. ಹಸಿರಾದಷ್ಟು ತುದಿ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ ಮತ್ತೆ ಸುಲಿಯಿರಿ.

8. ಪ್ಲಸ್ ಮೈನಸ್ ಪರೀಕ್ಷೆ

ಗೋಡೆಯೊಳಗೆ ಎರಡೂ ತಂತಿ ಒಂದೇ ಬಣ್ಣದವಾದರೆ ಯಾವುದು ಯಾವುದು ಗೊತ್ತಾಗೋದಿಲ್ಲ. ಆಂಪ್ ಕಡೆಯ ತುದಿಗಳನ್ನು ಆಂಪ್‌ನಿಂದ ಪೂರ್ತಿ ಬಿಚ್ಚಿ. 1.5 ವೋಲ್ಟ್ ಪೆನ್ಸಿಲ್ ಸೆಲ್ ತಗೊಂಡು ಪ್ಲಸ್ ಅಂದುಕೊಂಡ ತಂತಿಗೆ ಸೆಲ್‌ನ ಪ್ಲಸ್, ಇನ್ನೊಂದಕ್ಕೆ ಮೈನಸ್, ಒಂದೇ ಕ್ಷಣ ತಾಗಿಸಿ ಬಿಡಿ. ಟಪ್ ಅಂತ ಸದ್ದಾಗಿ ದೊಡ್ಡ ಸ್ಪೀಕರ್‌ನ ಕೋನ್ (ಮುಂದೆ ಕಾಣುವ, ದನಿಗೆ ಅದುರುವ ಭಾಗ) ಮುಂದಕ್ಕೆ ಬಂದರೆ ಸರಿ ಇದೆ. ಒಳಗೆ ಹೋದರೆ ಅದಲು ಬದಲಾಗಿದೆ. ಎರಡೂ ಸ್ಪೀಕರ್ ಒಂದೇ ಕಡೆಗೆ ಆಡಬೇಕು.

ಒಂದು ಸರಿ, ಒಂದು ತಿರುಗಾ ಆಗಿದ್ದರೆ ಬೇಸ್ ಸಪ್ಪೆಯಾಗುತ್ತದೆ, ಹಾಡುವವರು ನಡುವೆ ನಿಲ್ಲದೆ ಕೋಣೆ ತುಂಬ ಹರಡಿಹೋಗುತ್ತಾರೆ. "ವೈರ್ ಬದಲಾಯಿಸಿದೆ, ದನಿ ಕೆಟ್ಟುಹೋಯ್ತು" ಅಂದವರಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಆಗಿತ್ತು.

9. ಎರಡನ್ನೂ ಹೋಲಿಸಿ ಕೇಳಬೇಕು ಅಂದರೆ

ಇಷ್ಟಾದ ಮೇಲೂ ನಿಮ್ಮ ಕಿವಿಯಿಂದಲೇ ನೋಡಬೇಕು ಅನ್ನಿಸಿದರೆ ಖಂಡಿತ ನೋಡಿ. ಆದರೆ ಸರಿಯಾಗಿ ನೋಡಿ. ಎರಡೂ ವೈರ್ ಒಂದೇ ಉದ್ದ, ಒಂದೇ ಚದರ ಮಿ.ಮೀ. ಇರಲಿ. 23/76 ಎಳೆ ತಂತಿಯ ಪಕ್ಕ 2.5 ಗಟ್ಟಿ ತಂತಿ ಇಟ್ಟರೆ ನೀವು ಹೋಲಿಸುತ್ತಿರುವುದು ತಾಮ್ರದ ಪ್ರಮಾಣವನ್ನು. ತುದಿಗಳನ್ನು ಎರಡಕ್ಕೂ ಹೊಸದಾಗಿ ಸುಲಿಯಿರಿ. ಹಳೇ ವೈರ್‌ನ ಕರಿಕಟ್ಟಿದ ತುದಿ ಬಿಚ್ಚಿ ಹೊಸದು ಹಾಕಿದಾಗ ದನಿ ಚೆನ್ನಾದರೆ ಅದು ಹೊಸ ವೈರ್‌ನಿಂದಲೋ, ಉಜ್ಜಿ ಚೊಕ್ಕ ಆದ ಟರ್ಮಿನಲ್‌ನಿಂದಲೋ ಹೇಗೆ ಗೊತ್ತಾಗಬೇಕು?

ವಾಲ್ಯೂಮ್ ಮುಟ್ಟಬೇಡಿ. ಸ್ವಲ್ಪವೇ ಜೋರಾದ ದನಿ ಯಾರ ಕಿವಿಗಾದರೂ "ಉತ್ತಮ" ಅನ್ನಿಸುತ್ತದೆ. ವೈರ್ ಬದಲಿಸುವ ಕೆಲಸ ಮನೆಯವರೊಬ್ಬರಿಗೆ ಕೊಡಿ. ಯಾವುದು ಹಾಕಿದ್ದಾರೆ ಅಂತ ನಿಮಗೆ ಹೇಳದೆ ಅವರು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ, ನೀವು ಕೇಳಿದ್ದನ್ನು ನಿಮ್ಮ ಚೀಟಿಯಲ್ಲಿ ಬರೆಯಿರಿ. ಕೆಲವು ಸಲ ಅವರು ಬದಲಿಸದೇ ಬದಲಿಸಿದ ಹಾಗೆ ಮಾಡಲಿ. ಹದಿನೈದು ಇಪ್ಪತ್ತು ಸಲ ಆದ ಮೇಲೆ ಎರಡು ಚೀಟಿ ಪಕ್ಕ ಪಕ್ಕ ಇಡಿ. ಅರ್ಧದಷ್ಟು ಮಾತ್ರ ಸರಿ ಬಂದರೆ ಅದು ನಾಣ್ಯ ಚಿಮ್ಮಿದ ಹಾಗೆ.

ಕೇಳೋಕೆ ನಿಮಗೆ ತೀರಾ ಪರಿಚಯ ಇರುವ ಹಾಡನ್ನೇ ಇಡಿ. ನಾನು ಸಿದ್ಧರಾಮ ಜಂಬಲದಿನ್ನಿಯವರ ಗಾಯನ ಇಡುತ್ತೇನೆ. ರಾಯಚೂರು ಸೀಮೆಯ ಆ ದನಿ ಚಿಕ್ಕಂದಿನಿಂದ ಕಿವಿಯಲ್ಲಿ ಕೂತಿದೆ, ಎಲ್ಲಾದರೂ ಒಂದಿಷ್ಟು ಹೆಚ್ಚು ಕಡಿಮೆಯಾದರೆ ತಕ್ಷಣ ಎದೆಗೆ ಗೊತ್ತಾಗುತ್ತದೆ. ಸುಭದ್ರಮ್ಮ ಮನ್ಸೂರು ಅವರ ರಂಗಗೀತೆಯೂ ಒಳ್ಳೆಯದು, ಹಾರ್ಮೋನಿಯಂ, ತಬಲಾ, ತುಂಬು ಕಂಠ ಮೂರೂ ಒಟ್ಟಿಗೆ ಸಿಗುತ್ತವೆ. ನನ್ನ ಮನೆಯಲ್ಲಿ 1.5ರ ಗಟ್ಟಿ ತಂತಿ ಮತ್ತು 1.5ರ ಎಳೆ ತಂತಿ ಹೀಗೆ ಹೋಲಿಸಿದಾಗ ನನಗೆ ಬೇರೆ ಮಾಡಿ ಹೇಳೋಕೆ ಆಗಲಿಲ್ಲ.

ಎಲ್ಲ ಕೂರಿಸಿ ಒಂದು ತಿಂಗಳಾದ ಮೇಲೆ ಆಂಪ್ ಆಫ್ ಮಾಡಿ ಒಮ್ಮೆ ಹಿಂದೆ ಕೈ ಹಾಕಿ. ಹಗಲು ಕಾದು ರಾತ್ರಿ ತಣ್ಣಗಾಗಿ ಸ್ಕ್ರೂಗಳು ಸಡಿಲ ಬಿಡುತ್ತವೆ, ಕಾಲು ಸುತ್ತು ಬಿಗಿಯಿರಿ. ಅದಿರಿನ ಲಾರಿ ಓಡುವ ಸಂಡೂರು, ತೋರಣಗಲ್ಲು ರಸ್ತೆ ಬದಿ ಮನೆಯಾದರೆ ಟರ್ಮಿನಲ್ ಮೇಲೆ ಕೆಂಪು ಧೂಳು ಕೂತಿರುತ್ತದೆ, ಒಣ ಬ್ರಷ್‌ನಿಂದ ಉದುರಿಸಿ. ಆಮೇಲೆ ವರ್ಷಕ್ಕೊಂದು ಸಲ, ಬೇಸಿಗೆ ಮುಗಿದ ಮೇಲೆ ನೋಡಿಕೊಂಡರೆ ಸಾಕು.